ಮಳೆಗಾಲದ ಲಾನ್‌ನಲ್ಲಿ ಕಂದು ವೃತ್ತಗಳು

ನಿಮ್ಮ ಲಾನ್‌ನ ಕಂದು ವೃತ್ತಗಳಿಗೆ ಕಾರಣ ಬಹುಶಃ ರೈಜೋಕ್ಟೋನಿಯಾ ಎಂಬ ಫಂಗಸ್. ಬೆಳಗಾವಿ ಟಿಳಕವಾಡಿಯ ನಿಮ್ಮ ಮನೆ ಲಾನ್‌ನಲ್ಲಿ ಮಳೆ ಹಿಡಿದ ಮೇಲೆ ತಟ್ಟೆಯಗಲ ಕಂದು ವೃತ್ತ ಎದ್ದಿವೆ, ಯೂರಿಯಾ ಹಾಕಿದ ಮೇಲೆ ಜಾಸ್ತಿಯಾಗಿವೆ ಅಂದಿದ್ದೀರಿ. ಯೂರಿಯಾದಿಂದ ಬರುವ ಮೆತ್ತನೆ ಚಿಗುರು ಈ ರೋಗಕ್ಕೆ ಬೇಗ ಸಿಗುತ್ತದೆ.

ಫೋಟೋ ಇಲ್ಲದ್ದರಿಂದ ಖಚಿತವಾಗಿ ಹೇಳಲಾಗದು, ಮಣ್ಣಿನೊಳಗೆ ಬೇರು ತಿನ್ನುವ ಗೊಣ್ಣೆ ಹುಳುವೂ ಇರಬಹುದು. ವೃತ್ತದ ಅಂಚಿನ ಹುಲ್ಲು ಎಳೆದು ನೋಡಿ. ಚಾಪೆಯ ಹಾಗೆ ಎದ್ದು ಬಂದು ಬೇರೇ ಇಲ್ಲದಿದ್ದರೆ ಹುಳು. ಬೇರು ಗಟ್ಟಿಯಿದ್ದು ಎಲೆಯ ಬುಡ ಕೊಳೆತಿದ್ದರೆ ಫಂಗಸ್. ಬೆಳಿಗ್ಗೆ ಇಬ್ಬನಿಯಲ್ಲಿ ಬಿಳಿ ಎಳೆ ಕಂಡರೆ ಫಂಗಸ್ ಎನ್ನುವುದರಲ್ಲಿ ಅನುಮಾನ ಇನ್ನೂ ಕಡಿಮೆ.

ಮೊದಲು ಯೂರಿಯಾ ನಿಲ್ಲಿಸಿ. ಸಂಜೆ ನೀರು ಬಿಡಲೇಬೇಡಿ. ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಯಾವ ಔಷಧಿ ಹೊಡೆದರೂ ಸುಮ್ನೆ ದಂಡ. ಜುಲೈ, ಆಗಸ್ಟ್‌ನಲ್ಲಿ ಬೆಳಗಾವಿಗೆ ಮಳೆ ನೀರೇ ಸಾಕು, ಅಲ್ವಾ? ಹುಲ್ಲು ಒಣಗಿದಾಗ ಮಾತ್ರ ಕತ್ತರಿಸಿ, ರೋಗದ ಜಾಗ ಕೊನೆಗೆ. ಬ್ಲೇಡ್ ತೊಳೆದಿಡಿ. ಬುಡದ ಒಣ ಕಸ ಬಾಚಿ ತೆಗೆಯಿರಿ, ನೀರು ನಿಲ್ಲುವ ಕಡೆ ಗಾರ್ಡನ್ ಫೋರ್ಕ್‌ನಿಂದ ಚುಚ್ಚಿ ಮರಳು ತುಂಬಿ.

ಫಂಗಸ್ ಅಂತ ಗೊತ್ತಾದರೆ ಆಮೇಲೆ ಪ್ರೊಪಿಕೊನಜೋಲ್ 25 ಇಸಿ (ನೀರಿಗೆ ಬೆರೆಸುವ ದ್ರವ ಫಂಗಸ್ ಔಷಧಿ), ಲೀಟರ್ ನೀರಿಗೆ 1 ಮಿಲಿ. ಕೆಲವು ಗಂಟೆ ಮಳೆ ಬಿಡುವು ಇರುವಾಗ ಹೊಡೆಯಿರಿ. ವೃತ್ತದ ಸುತ್ತಲಿನ ಹಸಿರು ಹುಲ್ಲಿಗೂ ಬೀಳಲಿ, ರೋಗ ಹರಡುವುದು ಆ ಕಡೆಗೇ. ಎರಡು ವಾರ ಬಿಟ್ಟು ಬೇರೆ ಔಷಧಿ, ಮ್ಯಾಂಕೊಜೆಬ್ ಲೀಟರ್‌ಗೆ 2 ಗ್ರಾಂ. ಲೇಬಲ್ ಓದಿ, ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಒಣಗುವವರೆಗೆ ಮಕ್ಕಳನ್ನು, ನಾಯಿಯನ್ನು ದಯವಿಟ್ಟು ಅಲ್ಲಿ ಬಿಡಬೇಡಿ.

ಸತ್ತ ಎಲೆ ಮತ್ತೆ ಹಸಿರಾಗುವುದಿಲ್ಲ. ವೃತ್ತ ಹಿಗ್ಗುವುದು ನಿಂತರೆ ಔಷಧಿ ಹಿಡಿದಿದೆ ಅಂತ ಅರ್ಥ.