ತೋಟದಲ್ಲಿ ಯಾರಾದರೂ ಕುಸಿದು ಬಿದ್ದರೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವ ಪ್ರಥಮ ಚಿಕಿತ್ಸೆ) ಯಾವಾಗ ಶುರು ಮಾಡಬೇಕು?

ಸೋಮವಾರಪೇಟೆ ಕಡೆ ಮೆಣಸು ಕೊಯ್ಯಿಸುತ್ತಿದ್ದೀರಿ, ಆಸ್ಪತ್ರೆ ದೂರ, ನಾಡಿ ನೋಡಲು ಬರುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾಡಿ ಹುಡುಕಲೇಬೇಡಿ. ಗಾಬರಿಯಲ್ಲಿ ನಮ್ಮ ಬೆರಳಿನ ಮಿಡಿತವೇ ಅವರದ್ದು ಅನ್ನಿಸಿಬಿಡುತ್ತದೆ.

ಭುಜ ತಟ್ಟಿ ಜೋರಾಗಿ ಕೂಗಿ. ಮಿಸುಕಾಡದಿದ್ದರೆ ಎದೆ ಏರಿಳಿಯುತ್ತಿದೆಯಾ ನೋಡಿ, 10 ಸೆಕೆಂಡ್ ಮೀರದಂತೆ. ಉಸಿರಿಲ್ಲ, ಅಥವಾ ಸರಿಯಾಗಿಲ್ಲ ಅಂದರೆ ಶುರು ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹೃದಯ ನಿಂತ ಮೇಲೂ ಕೆಲವರು ಮೊದಲ ಕೆಲ ನಿಮಿಷ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು, ಗೊರಕೆಯಂಥ ಸದ್ದು ಮಾಡಿ, ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುತ್ತಾರೆ. 'ಉಸಿರಾಡ್ತಿದ್ದಾರೆ ಬಿಡಿ' ಅಂತ ಸುತ್ತ ನಿಂತವರು ನೀರು ಚಿಮುಕಿಸುತ್ತಾ ಕೂರುತ್ತಾರೆ. ಅದು ಉಸಿರಾಟವಲ್ಲ. ಕೈಕಾಲು ಅದುರಿದರೂ ಫಿಟ್ಸ್ ಅಂತ ಕೈಗೆ ಕಬ್ಬಿಣ ಕೊಡಬೇಡಿ. ಅದುರುವುದು ನಿಂತ ಕೂಡಲೇ ಉಸಿರು ನೋಡಿ.

ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಬಿದ್ದವರಾದರೆ ಲೈನ್ ಆಫ್ ಆಗಿದೆ ಅಂತ ಖಚಿತವಾಗುವ ತನಕ ಹತ್ತಿರ ಹೋಗಬೇಡಿ. ಎಳೆಯಲು ಹೋದವರೂ ಬೀಳುತ್ತಾರೆ.

108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿಡಿ. ಸಿಗ್ನಲ್ ಇಲ್ಲದ ಕಡೆಯಾದರೆ ಒಬ್ಬರನ್ನು ಸಿಗ್ನಲ್ ಸಿಗುವ ಕಡೆಗೆ ಓಡಿಸಿ, ನೀವು ಅಲ್ಲೇ ಇರಿ.

ಕಾಫಿ ಗಿಡದ ಬುಡದಲ್ಲಿ ತರಗೆಲೆ ಹಾಸಿಗೆಯ ಹಾಗಿರುತ್ತದೆ. ಅಲ್ಲಿ ಒತ್ತಿದರೆ ಎದೆಯ ಬದಲು ಇಡೀ ಮೈ ಕೆಳಗಿಳಿಯುತ್ತದೆ. ನಾಲ್ಕು ಹೆಜ್ಜೆ ಎಳೆದರೆ ಗಟ್ಟಿ ದಾರಿ ಸಿಗುವಂತಿದ್ದರೆ ಅಲ್ಲಿಗೆ ತಂದು ಅಂಗಾತ ಮಲಗಿಸಿ. ಎದೆಯ ನಡುವೆ, ಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಮೈಭಾರ ಹಾಕಿ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಹೃದಯಕ್ಕೆ ಮತ್ತೆ ರಕ್ತ ತುಂಬುವುದು ಆಗಲೇ. ದಣಿದವರು ಗೊತ್ತಿಲ್ಲದೆ ಎದೆಯ ಮೇಲೇ ಒರಗುತ್ತಾರೆ, ಆದ್ದರಿಂದ 2 ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ.

ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸಬೇಡಿ. ಹೃದಯ ನಡೆಯುತ್ತಿದ್ದು ತಪ್ಪಾಗಿ ಒತ್ತಿದರೆ ದೊಡ್ಡ ಹಾನಿಯಾಗುವುದು ಅಪರೂಪ. ಎಚ್ಚರವಾದವರು ನಿಮ್ಮ ಕೈ ತಳ್ಳುತ್ತಾರೆ.

ಬಾಯಿಗೆ ಬಾಯಿಟ್ಟು ಊದಲು ಕಲಿತಿದ್ದರೆ 30 ಒತ್ತಿಗೆ 2 ಉಸಿರು. ಇಲ್ಲವಾದರೆ ಬರೀ ಒತ್ತಿ. ತೋಟದ ಕೆರೆಗೆ ಬಿದ್ದವರಿಗೆ ಮಾತ್ರ ಉಸಿರೇ ಮೊದಲು. ಹೊಟ್ಟೆ ಅದುಮಿ ನೀರು ತೆಗೆಯುತ್ತಾ ಕೂತರೆ ಹೊತ್ತೂ ಹೋಗುತ್ತದೆ, ವಾಂತಿ ಶ್ವಾಸಕೋಶಕ್ಕೂ ಇಳಿಯುತ್ತದೆ.

ಜೀಪಿಗೆ ಹಾಕಿಕೊಂಡು ಮಡಿಕೇರಿಗೆ ಹೊರಡೋಣ ಅನ್ನುವವರು ಇದ್ದೇ ಇರುತ್ತಾರೆ. ತಿರುವುಗಳಲ್ಲಿ ಓಲಾಡುವ ಜೀಪಿನೊಳಗೆ ಸರಿಯಾಗಿ ಒತ್ತಲು ಆಗುವುದಿಲ್ಲ. ಆಂಬುಲೆನ್ಸ್ ಬರುತ್ತಿದೆ ಅಂತಾದರೆ ಬಿದ್ದಲ್ಲೇ ಒತ್ತುತ್ತಿರಿ, ಗೇಟಿನ ಬಳಿ ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಿ.