ದುಡ್ಡು ತಗೊಂಡರೆ ಕೇಸು ಮುಗಿಯುತ್ತದೆಯೇ?
ಅಕ್ಕ, ತೋಟದ ಮಾಲೀಕರ ಜೀಪು ಹರಿದು ಯಜಮಾನರು ತೀರಿಕೊಂಡರು, ಐದು ಲಕ್ಷ ತಗೊಂಡು ಸಹಿ ಹಾಕಿದರೆ ಕೇಸು ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಮುಗಿಯುವುದಿಲ್ಲ. ನಿರ್ಲಕ್ಷ್ಯದಿಂದಾದ ಸಾವು (ಭಾರತೀಯ ನ್ಯಾಯ ಸಂಹಿತೆ, ಕಲಂ 106) ರಾಜಿಯಾಗುವ ಅಪರಾಧವಲ್ಲ; ಕೇಸು ನಡೆಸುವುದು ಸರ್ಕಾರ.

ನನಗೆ ಹೆದರಿಕೆ ಬೇರೆ. ಕಣ್ಣಾರೆ ಕಂಡವರು ಅದೇ ತೋಟದ ಲೈನ್ ಮನೆಯವರು. ಕೂಲಿಯೂ ಮಾಲೀಕರದ್ದು, ಸೂರೂ ಮಾಲೀಕರದ್ದು. ವಿಚಾರಣೆಯ ದಿನ ‘ನಾನು ನೋಡಿಲ್ಲ’ ಎಂದುಬಿಟ್ಟರೆ ಕೇಸು ಬಿದ್ದುಹೋಗುತ್ತದೆ. ದುಡ್ಡು ಕೆಲಸ ಮಾಡುವುದೇ ಇಲ್ಲಿ, ನೆನೆದರೆ ಹೊಟ್ಟೆ ಉರಿಯುತ್ತದೆ. ಅವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವಂತೆ ಪೊಲೀಸರಿಗೆ ಈಗಲೇ ಬರೆದುಕೊಡಿ.

ಪರಿಹಾರ ಬೇರೆ ಮಾತು, ಅದು ನಿಮ್ಮ ಹಕ್ಕು: 6 ತಿಂಗಳೊಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.