ದೇವರನ್ನು ‘ಯಾಕೆ’ ಎಂದು ಕೇಳುವುದು ಪಾಪವೇ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಕಾಫಿ ತೋಟ. ಆಗಸ್ಟ್ ಮಳೆಗೆ ಕೊಳೆ ರೋಗ ಬಿದ್ದು ಅರೇಬಿಕಾ ಕಾಯಿ ಬಹುಪಾಲು ನೆಲಕ್ಕೆ ಉದುರಿತು. ಅದೇ ತಿಂಗಳು ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದೆ. ನಮ್ಮ ಚರ್ಚಿನ ಸಭೆಯವರೊಬ್ಬರು ಮನೆಗೆ ಬಂದು ಬೈಬಲಿನ ಹಬಕ್ಕೂಕ ಪ್ರವಾದಿಯ ಗ್ರಂಥದಿಂದ 3:17 ಓದಿ, ಬೆಳೆ ಹೋದರೂ ಉಲ್ಲಾಸಿಸಬೇಕು, ಕಷ್ಟ ಬಂದಿದೆ ಎಂದರೆ ಎಲ್ಲೋ ಪಾಪವಿರಬೇಕು, ಅಳುವುದು ಅವಿಶ್ವಾಸ ಎಂದರು. ರಾತ್ರಿ ಪ್ರಾರ್ಥನೆಗೆ ಕೂತರೆ ‘ಯಾಕೆ ಕರ್ತನೇ’ ಎಂಬುದೊಂದೇ ಬಾಯಿಗೆ ಬರುತ್ತದೆ. ಇದು ಪಾಪವೇ? ಭಾನುವಾರ ಸಭೆಯ ಮುಂದೆ ಸಾಕ್ಷಿ (ದೇವರು ಮಾಡಿದ ಉಪಕಾರದ ಅನುಭವ) ಹೇಳಲು ಕರೆದರೆ ಏನು ಮಾಡಲಿ?
– ಹೆಸರು ಬೇಡ

ಉತ್ತರ: ಪಾಪವಲ್ಲ, ತಾಯಿ. ನಿಮಗೆ ಓದಿದ ವಾಕ್ಯ ಸತ್ಯವಾದದ್ದೇ; ಆದರೆ ಓದಿದವರು ಗ್ರಂಥದ ಕೊನೆಯಿಂದ ಆರಂಭಿಸಿದ್ದಾರೆ. ಹಬಕ್ಕೂಕನದು ಮೂರೇ ಅಧ್ಯಾಯಗಳ ಗ್ರಂಥ. ಅದು ತೊಡಗುವುದೇ, ನಾನು ಎಷ್ಟು ಕಾಲ ಮೊರೆಯಿಟ್ಟರೂ ನೀನು ಕೇಳುವುದಿಲ್ಲವಲ್ಲ ಎಂಬ ದೂರಿನಿಂದ. ದೇವರು ಉತ್ತರ ಕೊಟ್ಟ ಮೇಲೂ ಪ್ರವಾದಿ ಸುಮ್ಮನಾಗದೆ ಮತ್ತೊಮ್ಮೆ ಆಕ್ಷೇಪಿಸುತ್ತಾನೆ, ಆಮೇಲೆ ಕಾವಲು ಗೋಪುರದಲ್ಲಿ ನಿಂತು ಮರುಮಾತಿಗೆ ಕಾಯುತ್ತಾನೆ. ನಿಮಗೆ ಓದಿ ಹೇಳಿದ ವಚನಕ್ಕೆ ತೀರ ಮೇಲಿರುವ 16ನೆಯ ವಚನವನ್ನು ನೋಡಿ: ಅಲ್ಲಿ ಅವನ ತುಟಿ ಅದುರುತ್ತಿದೆ, ಕಾಲು ನಡುಗುತ್ತಿದೆ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿ, ದನ ಎಂದು ಕಳೆದುಹೋಗಬಹುದಾದ ಒಂದೊಂದನ್ನೂ ಹೆಸರಿಟ್ಟು ಎಣಿಸುವ ಆ ಮನುಷ್ಯ, ಬೆಳೆ ಹೋದರೆ ಅದೇನು ಮಹಾ ಎಂದು ಎಲ್ಲಿಯೂ ಹೇಳುವುದಿಲ್ಲ. ಉಲ್ಲಾಸಿಸುವೆನು ಎಂಬ ಮಾತು ಅವನಿಂದ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದನ್ನು ನಿಮ್ಮಿಂದ ಮೊದಲ ದಿನವೇ ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ.

ಯೇಸು ಸ್ವಾಮಿಯೇ ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಮಾತನ್ನು, ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬುದನ್ನು, ಗಟ್ಟಿಯಾಗಿ ಕೂಗಿದರು. ದೇವರಲ್ಲಿ ಭರವಸೆ ಇಡುವುದೆಂದರೆ ದೂರನ್ನು ನುಂಗಿಕೊಳ್ಳುವುದಲ್ಲ, ಅದನ್ನು ಅವರ ಬಳಿಗೇ ಒಯ್ಯುವುದು ಎಂದು ನಾನು ನಂಬುತ್ತೇನೆ. ನೀವು ಪ್ರತಿ ರಾತ್ರಿ ಅದನ್ನೇ ಮಾಡುತ್ತಿದ್ದೀರಿ.

ಪಾಪದ ಮಾತಿಗೆ ಬರೋಣ. ಕೊಳೆ ರೋಗ ಎಡೆಬಿಡದ ಮಳೆ, ತೇವ, ದಟ್ಟ ನೆರಳಿನಲ್ಲಿ ಹರಡುವ ಶಿಲೀಂಧ್ರದ ರೋಗ. ಅದು ನಂಬಿದವರ ತೋಟ, ನಂಬದವರ ತೋಟ ಎಂದು ನೋಡುವುದಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ ಎಂದು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಸ್ವಾಮಿ ಹೇಳಿದ್ದು ಯೋಹಾನ 9ರಲ್ಲಿದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕೂತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರೇ ಆಗಿದ್ದರು. ಬಾಯಿ ತೆರೆದು ಪಾಪ ಹುಡುಕತೊಡಗಿದ ಮೇಲೆ ಕೆಟ್ಟರು, ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆಯೇ ಹೊರತು ಗೋಳಾಡಿದ ಯೋಬನ ಮೇಲಲ್ಲ.

ಯಜಮಾನರ ಕೈ ಮೊದಲಿನಂತಾಗುತ್ತದೆ ಎಂದು ನಾನು ಮಾತು ಕೊಡಲಾರೆ. ಅಪೊಸ್ತಲನಾದ ಪೌಲನು ತನ್ನ ಶರೀರವನ್ನು ಬಾಧಿಸುತ್ತಿದ್ದ ಶೂಲ ತೊಲಗಲೆಂದು ಮೂರು ಬಾರಿ ಬೇಡಿಕೊಂಡರೂ ಅದು ತೊಲಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಪ್ರಾರ್ಥಿಸುತ್ತಲೇ ಫಿಸಿಯೋಥೆರಪಿಯನ್ನು ಬಿಡದೆ ಮಾಡಿಸಿ. ಪಾರ್ಶ್ವವಾಯುವಿನ ನಂತರದ ಮೊದಲ ತಿಂಗಳುಗಳು ಬಹಳ ಮುಖ್ಯ.

ಭಾನುವಾರ ಇಲ್ಲದ ಸಂತೋಷವನ್ನು ಸಾಕ್ಷಿಯಾಗಿ ಹೇಳಬೇಡಿ. ಮನಸ್ಸಾದರೆ ಎದ್ದು 13ನೆಯ ಕೀರ್ತನೆಯನ್ನು ಓದಿ. ಅದರ ಆರು ವಚನಗಳಲ್ಲಿ ಮೊದಲ ನಾಲ್ಕು ದೂರು ಮತ್ತು ಮೊರೆ. ಮನಸ್ಸಿಲ್ಲದಿದ್ದರೆ ಕೂತೇ ಇರಿ. ಮನೆಗೆ ಬಂದಿದ್ದ ಆ ಸಹೋದರರು ಮತ್ತೆ ಬಂದರೆ ಸಂಕೋಚಪಡದೆ ಎರಡು ಕೆಲಸ ಹೇಳಿ: ಯಜಮಾನರನ್ನು ಹಾಸನದ ಆಸ್ಪತ್ರೆಗೆ ಒಮ್ಮೆ ಅವರು ಕರೆದೊಯ್ಯಲಿ, ಉಳಿದ ಕಾಯಿಯ ಕೊಯ್ಲಿಗೆ ಸಭೆಯಿಂದ ನಾಲ್ಕು ಜನರನ್ನು ಕರೆತರಲಿ.